ಬೀರುವಿನಲ್ಲಿಟ್ಟ ಗಡಿಯಾರಕ್ಕೆ ಕೀಲಿ ಕೊಡುವವರು ಯಾರು?

ಸಂಪಾದಕರಿಗೆ,

ಮಾನ್ಯರೇ,

ಹೊರದೇಶದಲ್ಲಿರುವ ಮಕ್ಕಳು ರಜೆಗೆ ಊರಿಗೆ ಬರುವಾಗ ಮನೆಯ ಹಿರಿಯರಿಗೆಂದು ತರುವ ಉಡುಗೊರೆಗಳ ಸಾಲಿಗೆ ಬೆಳಕಿನಿಂದ ನಡೆಯುವ, ರೇಡಿಯೊ ಸಂಕೇತ ಹಿಡಿದು ತಾನಾಗಿಯೇ ವೇಳೆ ತಿದ್ದಿಕೊಳ್ಳುವ ಕೈಗಡಿಯಾರವೂ ಈಗ ಸೇರಿಕೊಂಡಿದೆ. ಸೆಲ್ ಹಾಕಿಸುವ ಕೆಲಸವಿಲ್ಲ, ಸಮಯ ಸರಿಪಡಿಸುವ ಗೊಡವೆಯಿಲ್ಲ ಎಂಬ ಭರವಸೆಯೊಂದಿಗೆ ಕೈಗೆ ಬಂದ ಈ ಗಡಿಯಾರ ಎರಡು ಮೂರು ವರ್ಷ ಕಳೆಯುವುದರೊಳಗೆ ‘ಕೆಟ್ಟುಹೋಯಿತು’ ಎಂದು ಮೂಲೆ ಸೇರುವುದನ್ನು ನಮ್ಮ ಬಡಾವಣೆಯಲ್ಲೇ ನಾಲ್ಕೈದು ಮನೆಗಳಲ್ಲಿ ಕಂಡಿದ್ದೇನೆ. ಅವುಗಳಲ್ಲಿ ಒಂದೂ ತಾನಾಗಿ ಕೆಟ್ಟಿರಲಿಲ್ಲ. ಒಂದನ್ನು ಮಾತ್ರ ಕೈಯಾರೆ ಕೆಡಿಸಲಾಯಿತು, ಮತ್ತು ಅದು ನನ್ನದೇ ಗಡಿಯಾರವಾಗಿತ್ತು. ಮೂವತ್ತು ವರ್ಷ ಭೌತಶಾಸ್ತ್ರ ಕಲಿಸಿದವನು ಹೀಗೆ ಮಾಡಿಕೊಂಡನೆಂದು ಹೇಳಿಕೊಳ್ಳಲು ಸಂಕೋಚವಿದ್ದರೂ, ಇನ್ನೊಬ್ಬರ ಗಡಿಯಾರವಾದರೂ ಉಳಿಯಲಿ ಎಂಬ ಕಾರಣಕ್ಕೆ ಈ ಪತ್ರ ಬರೆಯುತ್ತಿದ್ದೇನೆ.

ಫ್ರಾಂಕ್‌ಫರ್ಟಿನ ಹತ್ತಿರ ನೆಲೆಸಿರುವ ಮಗಳ ಮನೆಯಲ್ಲಿ ಮೂರು ತಿಂಗಳು ಇದ್ದು ಬಂದಾಗ ಅವಳು ಕೊಡಿಸಿದ್ದು ಕ್ಯಾಸಿಯೊ ಕಂಪನಿಯ ಚೌಕಾಕಾರದ, ಅಂಕಿ ತೋರಿಸುವ ಗಡಿಯಾರ. ಅಲ್ಲಿದ್ದಷ್ಟು ದಿನ ರಾತ್ರಿ ಅದನ್ನು ಕಿಟಕಿಯ ಹಲಗೆಯ ಮೇಲಿಟ್ಟು ಮಲಗಿದರೆ ಬೆಳಿಗ್ಗೆ ಏಳುವಷ್ಟರಲ್ಲಿ ಸಮಯ ತಿದ್ದಿಕೊಂಡಿರುತ್ತಿತ್ತು. ಶಿವಮೊಗ್ಗಕ್ಕೆ ಮರಳಿದ ಮೇಲೆ, ದಿನಬಳಕೆಗೆ ಹಳೆಯ ಎಚ್‌ಎಂಟಿ ಇದ್ದೇ ಇದೆಯಲ್ಲ, ಇದು ಮದುವೆ ಮುಂಜಿಗೆ ಇರಲಿ ಎಂದು ಡಬ್ಬಿಯ ಸಮೇತ ಬೀರುವಿನೊಳಗೆ, ರೇಷ್ಮೆ ಪಂಚೆಯ ಅಡಿಯಲ್ಲಿ ಇಟ್ಟೆ. ಎರಡೂವರೆ ವರ್ಷದ ಬಳಿಕ ನೆಂಟರ ಗೃಹಪ್ರವೇಶಕ್ಕೆಂದು ತೆಗೆದರೆ ಮುಖದ ಮೇಲೆ ಒಂದು ಅಂಕಿಯೂ ಇರಲಿಲ್ಲ. ರಿಪೇರಿ ಅಂಗಡಿಗೆ ಒಯ್ದೆ. ಅವರು ಹಿಂಬದಿಯ ಮುಚ್ಚಳ ಬಿಚ್ಚಿ, ಒಳಗಿದ್ದ ಸೆಲ್ ತೆಗೆದು, ಅದೇ ಅಳತೆಯ ಇನ್ನೊಂದನ್ನು ಕೂರಿಸಿಕೊಟ್ಟರು. ಗಡಿಯಾರ ಜೀವ ಹಿಡಿಯಿತು, ನಾನೂ ಹಿಗ್ಗಿದೆ. ಕೆಲವು ತಿಂಗಳಿಗೆ ಹೊಸ ಸೆಲ್ ಉಬ್ಬಿ, ಸೋರಿ, ಒಳಗಿನ ಫಲಕವನ್ನೇ ತಿಂದುಹಾಕಿತು.

ಆದದ್ದು ಇಷ್ಟೇ: ಆ ಗಡಿಯಾರದಲ್ಲಿರುವುದು ಮತ್ತೆ ಮತ್ತೆ ಚಾರ್ಜ್ ಆಗಬಲ್ಲ ಸೆಲ್. ಅದರ ಮೇಲೆ ಸಿಟಿಎಲ್ 1616 ಎಂದು ಬರೆದಿರುತ್ತದೆ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಸಿಆರ್ 1616 ಕೂಡ ಅದೇ ಅಗಲ, ಅದೇ ದಪ್ಪ. ಎರಡೂ 16 ಮಿಲಿಮೀಟರ್ ಅಗಲದ, 1.6 ಮಿಲಿಮೀಟರ್ ದಪ್ಪದ ಬಿಲ್ಲೆಗಳೇ. ಆದರೆ ಸಿಆರ್ ಒಮ್ಮೆ ಬಳಸಿ ಎಸೆಯುವ 3 ವೋಲ್ಟಿನ ಸೆಲ್. ಅದಕ್ಕೆ ಹೊರಗಿನಿಂದ ವಿದ್ಯುತ್ ತುಂಬಬಾರದು. ಗಡಿಯಾರದ ಮುಖದಲ್ಲಿರುವ ಸೌರಫಲಕಕ್ಕೆ ಇದು ಗೊತ್ತಾಗುವುದಿಲ್ಲವಲ್ಲ, ಬಿಸಿಲು ಬಿದ್ದಾಗಲೆಲ್ಲ ಅದು ತನ್ನ ಪಾಡಿಗೆ ವಿದ್ಯುತ್ತನ್ನು ಒಳಗೆ ತಳ್ಳುತ್ತಲೇ ಇರುತ್ತದೆ. ರಿಪೇರಿ ಮಾಡಿದವರನ್ನು ನಾನು ಹೆಚ್ಚು ದೂರಲಾರೆ, ಅವರು ಕೀಲಿ ಗಡಿಯಾರ ಬಿಚ್ಚಿ ಜೋಡಿಸುತ್ತಲೇ ತಲೆ ನರೆಸಿಕೊಂಡವರು. ಕೇಳಬೇಕಾದವನು ನಾನು ಕೇಳಲಿಲ್ಲ. ಸಿಟಿಜನ್ ಮತ್ತು ಸೈಕೊ ಕಂಪನಿಗಳ ಸೌರ ಗಡಿಯಾರಗಳಲ್ಲೂ ಇಂಥದೇ ವಿಶೇಷ ಸೆಲ್‌ಗಳಿರುತ್ತವೆ, ಅವುಗಳಲ್ಲಿ ಹಲವುದರ ಮೇಲೆ ಎಂಟಿ ಎಂಬ ಅಕ್ಷರಗಳಿಂದ ಶುರುವಾಗುವ ಸಂಖ್ಯೆ ಇರುತ್ತದೆ. ಸೆಲ್ ಬದಲಿಸುವುದು ನಿಜವಾಗಿಯೂ ಅನಿವಾರ್ಯವಾದರೆ ಹಳೆಯದರ ಮೇಲಿನ ಅಕ್ಷರ ಮತ್ತು ಅಂಕಿ ಎರಡನ್ನೂ ಓದಿ, ಅದನ್ನೇ ತರಿಸಿ ಹಾಕಿಸಬೇಕು. ಅಳತೆ ಕೂಡಿತು ಎಂಬುದು ಸಾಲದು.

ಆದರೆ ಬಹುತೇಕ ಸಂದರ್ಭಗಳಲ್ಲಿ ಸೆಲ್ ಬದಲಿಸುವ ಅಗತ್ಯವೇ ಬೀಳುವುದಿಲ್ಲ. ನನ್ನ ಗಡಿಯಾರಕ್ಕೂ ಬಿದ್ದಿರಲಿಲ್ಲ. ಪೂರ್ತಿ ಚಾರ್ಜ್ ಆಗಿದ್ದರೆ ಈ ಮಾದರಿ ಬೆಳಕು ಕಾಣದೆಯೂ ಸಾಮಾನ್ಯ ಬಳಕೆಯಲ್ಲಿ ಸುಮಾರು 10 ತಿಂಗಳು, ವಿದ್ಯುತ್ ಉಳಿಸುವ ನಿದ್ರೆಯಲ್ಲಿ ಸುಮಾರು 22 ತಿಂಗಳು ನಡೆಯುತ್ತದೆಂದು ತಯಾರಕರು ಹೇಳುತ್ತಾರೆ. ನಾನು ಅದನ್ನು ಕತ್ತಲಲ್ಲಿ ಕೂಡಿಹಾಕಿದ್ದು 30 ತಿಂಗಳು. ಹಿಂದೆ ನಾವೆಲ್ಲ ಬೆಳಿಗ್ಗೆ ಕಾಫಿಗೆ ಮೊದಲು ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದೆವು, ಒಂದು ದಿನ ಮರೆತರೆ ಮಾರನೆಯ ದಿನ ಅದು ನಿಂತಿರುತ್ತಿತ್ತು, ಆಗ ಯಾರೂ ಅದನ್ನು ಕೆಟ್ಟಿತೆನ್ನುತ್ತಿರಲಿಲ್ಲ. ಸೌರ ಗಡಿಯಾರಕ್ಕೂ ಕೀಲಿ ಬೇಕು, ಅದರ ಕೀಲಿ ಬೆಳಕು. ಜಪಾನಿನ ಯಾವ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನ ಎಚ್‌ಎಂಟಿ ನಮಗೆ ಕೀಲಿ ಗಡಿಯಾರ ಕೊಟ್ಟಿತೋ, ಅದೇ ಸಿಟಿಜನ್ 1976ರಲ್ಲಿ ಬೆಳಕಿನಿಂದ ನಡೆಯುವ ಮುಳ್ಳಿನ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದಿತು.

ಎಷ್ಟು ಬೆಳಕು ಬೇಕೆಂಬುದಕ್ಕೆ ಕೈಪಿಡಿಯಲ್ಲಿ ಲೆಕ್ಕವಿದೆ. ಒಂದು ದಿನದ ಬಳಕೆಗೆ ಬೇಕಾದ ಶಕ್ತಿ ತುಂಬಲು ಬಯಲಿನ ಬಿಸಿಲಿನಲ್ಲಿ, ಅಂದರೆ ಸುಮಾರು 50,000 ಲಕ್ಸ್ (ಲಕ್ಸ್ ಎಂಬುದು ಬೆಳಕಿನ ಅಳತೆ) ಬೆಳಕಿನಲ್ಲಿ, 5 ನಿಮಿಷ ಸಾಕು. ಕಿಟಕಿಯ ಗಾಜಿನ ಮೂಲಕ ಬರುವ ಬಿಸಿಲಿನಲ್ಲಿ 24 ನಿಮಿಷ, ಮೋಡ ಮುಸುಕಿದ ದಿನ ಕಿಟಕಿಯ ಬಳಿ 48 ನಿಮಿಷ ಬೇಕಾಗುತ್ತದೆ. ಮನೆಯೊಳಗಿನ ಟ್ಯೂಬ್‌ಲೈಟಿನ 500 ಲಕ್ಸ್ ಬೆಳಕಿನಲ್ಲಾದರೆ ಇಡೀ 8 ಗಂಟೆ. ನಮ್ಮ ಕಣ್ಣಿಗೆ ಟ್ಯೂಬ್‌ಲೈಟಿನ ಕೋಣೆಯೂ ಹಗಲಿನಷ್ಟೇ ಬೆಳಗಿದಂತೆ ತೋರುತ್ತದೆ, ಆದರೆ ಬಯಲಿನ ಬೆಳಕು ಅದರ ನೂರು ಪಟ್ಟು. ಈ ವ್ಯತ್ಯಾಸವನ್ನು ಕಣ್ಣು ಮುಚ್ಚಿಡುತ್ತದೆ, ಗಡಿಯಾರ ಬಿಚ್ಚಿಡುತ್ತದೆ. ‘ಇಡೀ ದಿನ ಟಿವಿಯ ಪಕ್ಕದಲ್ಲೇ ಇಟ್ಟಿದ್ದೆ, ಆದರೂ ಚಾರ್ಜ್ ಆಗಲಿಲ್ಲ’ ಎಂದು ನೆರೆಮನೆಯವರು ದೂರಿದ್ದರ ಗುಟ್ಟು ಇಷ್ಟೇ. ಮಲೆನಾಡಿನ ಮಳೆಗಾಲದ ಬಗ್ಗೆಯೂ ಅನೇಕರು ಕೇಳುತ್ತಾರೆ. ಮೋಡದ ಬೆಳಕು ಸಾಲದೆಂದೇನಿಲ್ಲ, ಮುಕ್ಕಾಲು ಗಂಟೆ ಕಿಟಕಿಯ ಬಳಿ ಇಟ್ಟರೆ ಆ ದಿನದ ಖರ್ಚು ಕಳೆಯಿತು. ಆಷಾಢದಲ್ಲಿ ಗಡಿಯಾರಕ್ಕೆ ತೊಂದರೆ ಕೊಡುವುದು ಮೋಡಕ್ಕಿಂತ ಹೆಚ್ಚಾಗಿ ಅದನ್ನು ಹಗಲಿಡೀ ಮುಚ್ಚುವ ಸ್ವೆಟರಿನ ತೋಳು.

ಮೇಲೆ ಹೇಳಿದ 5 ನಿಮಿಷ, 24 ನಿಮಿಷಗಳೆಲ್ಲ ಆರೋಗ್ಯವಾಗಿರುವ ಗಡಿಯಾರದ ದಿನದ ಊಟದ ಲೆಕ್ಕ ಎಂಬುದನ್ನು ಮರೆಯಬಾರದು. ಪೂರ್ತಿ ಬರಿದಾದದ್ದು ಹತ್ತು ನಿಮಿಷದ ಬಿಸಿಲಿಗೆ ಎದ್ದು ಕೂರುವುದಿಲ್ಲ. ಅಂಕಿಗಳು ಮರಳಿ ಕಾಣಿಸಲು ಗಂಟೆಗಳೇ ಬೇಕು, ಹೊಟ್ಟೆ ತುಂಬಲು ಹಲವು ದಿನಗಳ ಬೆಳಕು ಬೇಕು. ಹಾಗೆಂದು ಅವಸರಪಟ್ಟು ತಾರಸಿಯ ಕಾದ ಕಾಂಕ್ರೀಟಿನ ಮೇಲೋ, ಕಾರಿನ ಗಾಜಿನ ಕೆಳಗಿನ ಹಲಗೆಯ ಮೇಲೋ, ಹಳೆಯ ಬಲ್ಬಿನ ಬುಡದಲ್ಲೋ ಇಡುವುದು ಕೂಡದು. ಈ ಸೆಲ್‌ಗಳಿಗೆ ಬೆಳಕು ಬೇಕು, ಶಾಖ ಆಗದು. 60 ಡಿಗ್ರಿ ಸೆಲ್ಸಿಯಸ್ ಮುಟ್ಟುವಂಥ ಜಾಗದಲ್ಲಿ ಚಾರ್ಜ್ ಮಾಡಬಾರದೆಂದು ಸಿಟಿಜನ್ ಸ್ಪಷ್ಟವಾಗಿ ಎಚ್ಚರಿಸುತ್ತದೆ, ಮತ್ತು ರಾಯಚೂರು, ಕಲಬುರಗಿಯ ಮೇ ತಿಂಗಳಿನಲ್ಲಿ ಮುಚ್ಚಿ ನಿಲ್ಲಿಸಿದ ಕಾರಿನ ಒಳಗೆ ಆ ಶಾಖ ಏರಲು ಹೆಚ್ಚು ಹೊತ್ತು ಬೇಕಿಲ್ಲ. ಶಾಖಕ್ಕೆ ಸಿಕ್ಕ ಗಡಿಯಾರದ ಮುಖ ಪೂರ್ತಿ ಕಪ್ಪಾದರೆ ಗಾಬರಿಯಾಗಬೇಕಿಲ್ಲ, ನೆರಳಿನಲ್ಲಿ ತಣಿದ ಮೇಲೆ ಸಾಮಾನ್ಯವಾಗಿ ಸರಿಹೋಗುತ್ತದೆ. ಪೂರ್ವದ ಕಿಟಕಿಯ ಹಲಗೆಯ ಮೇಲೆ, ಮುಖ ಹೊರಗೆ ಮಾಡಿ, ಬೆಳಗಿನ ಎಳೆ ಬಿಸಿಲಿಗೆ ದಿನವೂ ಇಡುವುದು ನಾನು ಕಂಡುಕೊಂಡ ಸುರಕ್ಷಿತ ದಾರಿ.

ಗಡಿಯಾರ ನಿಜವಾಗಿ ಬರಿದಾಗಿದೆಯೋ, ನಿದ್ರಿಸುತ್ತಿದೆಯೋ ಎಂಬುದನ್ನು ಮೊದಲು ತಿಳಿಯಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರ ನಡುವೆ ಸುಮಾರು ಒಂದು ಗಂಟೆ ಕತ್ತಲಲ್ಲಿದ್ದರೆ ಈ ಮಾದರಿ ಅಂಕಿಗಳನ್ನು ಆರಿಸಿ ಮಲಗುತ್ತದೆ, ಒಳಗೆ ಎಣಿಕೆ ಮಾತ್ರ ನಡೆದಿರುತ್ತದೆ. ಆರೇಳು ದಿನ ಕತ್ತಲಲ್ಲೇ ಇದ್ದರೆ ನಿದ್ರೆ ಇನ್ನೂ ಗಾಢವಾಗುತ್ತದೆ. ಬೆಳಕಿಗೆ ತಂದು ಒಂದೆರಡು ಕ್ಷಣದಲ್ಲಿ ಅಂಕಿ ಮೂಡಿದರೆ ಅದು ನಿದ್ರೆ. ಮೂಡದಿದ್ದರೆ, ಅಥವಾ ಚಾರ್ಜ್ ಎಂಬುದನ್ನು ಸೂಚಿಸುವ ಮೂರು ಇಂಗ್ಲಿಷ್ ಅಕ್ಷರಗಳು ಮಿನುಗುತ್ತಿದ್ದರೆ, ಹಸಿವು. ಮುಳ್ಳಿರುವ ಸಿಟಿಜನ್ ಗಡಿಯಾರದಲ್ಲಿ ಸೆಕೆಂಡಿನ ಮುಳ್ಳು ಒಂದೊಂದೇ ಹೆಜ್ಜೆ ಬಿಟ್ಟು ಎರಡು ಸೆಕೆಂಡಿಗೊಮ್ಮೆ ಜಿಗಿಯತೊಡಗುತ್ತದೆ. ಅದನ್ನು ಕಂಡವರು ಯಂತ್ರ ಸವೆಯಿತೆಂದು ತಿಳಿಯುತ್ತಾರೆ, ಅದು ಕೇಳುತ್ತಿರುವುದು ಬೆಳಕನ್ನು ಮಾತ್ರ.

ಇನ್ನು ರೇಡಿಯೊದ ಮಾತು. ಇದರಲ್ಲಿ ಹೆಚ್ಚಿನವರಿಗೆ ಆಗುವುದು ನಿರಾಸೆ, ಏಕೆಂದರೆ ಅಂಗಡಿಯವರಾಗಲಿ, ಡಬ್ಬಿಯ ಮೇಲಿನ ಬರಹವಾಗಲಿ ಅವರಿಗೆ ಒಂದು ಸರಳ ಸತ್ಯವನ್ನು ಹೇಳಿರುವುದಿಲ್ಲ: ಕರ್ನಾಟಕದಲ್ಲಿ, ಅಷ್ಟೇಕೆ, ಭಾರತದ ಬಹುಭಾಗದಲ್ಲಿ ಈ ಗಡಿಯಾರಕ್ಕೆ ಕೇಳಿಸುವಂಥ ಸಂಕೇತವೇ ಇಲ್ಲ. ನನ್ನ ಮಗಳ ಊರಿನಲ್ಲಿ ಅದು ಕೇಳುತ್ತಿದ್ದುದು ಫ್ರಾಂಕ್‌ಫರ್ಟಿನ ಆಗ್ನೇಯಕ್ಕಿರುವ ಮೈನ್‌ಫ್ಲಿಂಗೆನ್ ಎಂಬಲ್ಲಿಂದ 77.5 ಕಿಲೋಹರ್ಟ್ಸ್‌ನಲ್ಲಿ ಹೊರಡುವ ಡಿಸಿಎಫ್ 77 ಎಂಬ ಪ್ರಸಾರವನ್ನು. 1959ರಿಂದ ನಡೆಯುತ್ತಿರುವ, 1973ರಿಂದ ದಿನಾಂಕ ಮತ್ತು ವೇಳೆಯನ್ನೂ ಸಾರುತ್ತಿರುವ ಆ ಕೇಂದ್ರದ ಹಿಂದೆ ಬ್ರೌನ್‌ಶ್ವೈಗ್ ನಗರದ ಮಾಪನ ಸಂಸ್ಥೆಯ ಸೀಸಿಯಂ ಪರಮಾಣು ಗಡಿಯಾರಗಳಿವೆ. ಪ್ರತಿ ಸೆಕೆಂಡಿನ ಆರಂಭದಲ್ಲಿ ಅಲೆಯ ಬಲ ಕ್ಷಣಕಾಲ ಕುಗ್ಗುತ್ತದೆ. ಕುಗ್ಗಿದ್ದು 0.1 ಸೆಕೆಂಡಾದರೆ ಸೊನ್ನೆ, 0.2 ಆದರೆ ಒಂದು. ಹೀಗೆ ಸೆಕೆಂಡಿಗೊಂದು ಅಕ್ಷರದಂತೆ ಒಂದು ನಿಮಿಷದಲ್ಲಿ ಗಂಟೆ, ನಿಮಿಷ, ದಿನಾಂಕ, ವಾರ ಎಲ್ಲವನ್ನೂ ಹೇಳಿ ಮುಗಿಸಿ, 59ನೆಯ ಸೆಕೆಂಡಿನಲ್ಲಿ ಸುಮ್ಮನಾಗುತ್ತದೆ. ಆ ಮೌನವೇ ಹೊಸ ನಿಮಿಷ ಬಂತೆಂಬ ಸೂಚನೆ. ತರಗತಿಯಲ್ಲಿ ದ್ವಿಮಾನ ಪದ್ಧತಿ ಕಲಿಸುವಾಗ ಈ ಉದಾಹರಣೆ ನನಗೆ ಗೊತ್ತಿರಲಿಲ್ಲವಲ್ಲ ಎಂದು ಈಗಲೂ ಹಳಹಳಿಸುತ್ತೇನೆ.

ಇಂಥ ದೀರ್ಘತರಂಗದ ಕೇಂದ್ರಗಳು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು. ಬ್ರಿಟನ್ನಿನ ಆಂಥಾರ್ನ್ ಮತ್ತು ಅಮೆರಿಕದ ಕೊಲರಾಡೊ ರಾಜ್ಯದ ಫೋರ್ಟ್ ಕಾಲಿನ್ಸ್‌ನಿಂದ 60 ಕಿಲೋಹರ್ಟ್ಸ್, ಜಪಾನಿನ ಫುಕುಶಿಮಾದಿಂದ 40 ಹಾಗೂ ಕ್ಯೂಷು ದ್ವೀಪದಿಂದ 60, ಚೀನಾದ ಶಾಂಗ್‌ಚಿಯು ಎಂಬಲ್ಲಿಂದ 68.5. ನಮಗೆ ಹತ್ತಿರದ್ದೆಂದರೆ ಈ ಕೊನೆಯದು, ಅದೂ ಬೆಂಗಳೂರಿನಿಂದ 4,000 ಕಿಲೋಮೀಟರಿಗೂ ದೂರ. ಅದರ ಸಂಕೇತವನ್ನು ಕೈಗಡಿಯಾರ ನಂಬಿಕೆಯಿಂದ ಹಿಡಿಯಬಲ್ಲದ್ದು 1,500 ಕಿಲೋಮೀಟರಿನೊಳಗೆ ಮಾತ್ರ. ಮೈನ್‌ಫ್ಲಿಂಗೆನ್ನಂತೂ ನಮ್ಮಿಂದ 7,000 ಕಿಲೋಮೀಟರಿನಾಚೆ. ಭಾರತೀಯ ವೇಳೆಯನ್ನು ಕಾಯುವ ಕೆಲಸ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ್ದು, ಅಲ್ಲೂ ಪರಮಾಣು ಗಡಿಯಾರಗಳಿವೆ. ಆದರೆ ಕೈಗಡಿಯಾರ ಓದಬಲ್ಲ ದೀರ್ಘತರಂಗದ ಪ್ರಸಾರ ನಮ್ಮ ದೇಶದಲ್ಲಿಲ್ಲ. ಆದ್ದರಿಂದ ತಾರಸಿ ಹತ್ತಿ, ಗುಂಡಿ ಒತ್ತಿಹಿಡಿದು, ಸಂಕೇತಕ್ಕಾಗಿ ಕಾದು ಕುಳಿತುಕೊಳ್ಳುವುದು ವ್ಯರ್ಥ. ಹಾಗೆ ಎರಡು ರಾತ್ರಿ ಕಾದವರೊಬ್ಬರು ನಮ್ಮ ವಾಯುವಿಹಾರದ ಗುಂಪಿನಲ್ಲೇ ಇದ್ದಾರೆ.

ಹಾಗಾದರೆ ಇಲ್ಲಿ ವೇಳೆ ಹೊಂದಿಸುವುದು ಹೇಗೆ? ಊರಿಗೆ ಹೊರಡುವವರು ಮನಸ್ಸು ಮಾಡಿದರೆ ಇದು ಬಹಳ ಸುಲಭ. ವಿಮಾನ ಹತ್ತುವ ಹಿಂದಿನ ರಾತ್ರಿ ಗಡಿಯಾರವನ್ನು ಕಿಟಕಿಯ ಬಳಿ, ಟಿವಿ, ಫ್ರಿಜ್, ಕಬ್ಬಿಣದ ಸರಳುಗಳಿಂದ ದೂರ, ಆಂಟೆನಾ ಇರುವ ಬದಿ ಹೊರಮುಖವಾಗುವಂತೆ ಇಡಬೇಕು. ಕ್ಯಾಸಿಯೊದ ಈ ಮಾದರಿಯಲ್ಲಿ ಆ ಬದಿ 12ರ ಕಡೆಗಿದೆ, ಸಿಟಿಜನ್‌ನ ಹಲವು ಮಾದರಿಗಳಲ್ಲಿ 9ರ ಕಡೆಗೆ. ನಡುರಾತ್ರಿಯಿಂದ ಬೆಳಗಿನ ಜಾವದವರೆಗೆ ಅದು ಹಲವು ಸಲ ತಾನೇ ಪ್ರಯತ್ನಿಸಿ, ಒಮ್ಮೆ ಸಂಕೇತ ಸಿಕ್ಕೊಡನೆ ಆ ದಿನಕ್ಕೆ ಕೆಲಸ ನಿಲ್ಲಿಸುತ್ತದೆ. ಚಾರ್ಜ್ ಕಡಿಮೆ ಇದ್ದರೆ ಪ್ರಯತ್ನವನ್ನೇ ಮಾಡುವುದಿಲ್ಲ, ಆದ್ದರಿಂದ ಹಗಲು ಬೆಳಕು ಉಣಿಸಿರಬೇಕು. ಇಲ್ಲಿ ಇಳಿದ ಮೇಲೆ ಸೆಕೆಂಡನ್ನು ಮುಟ್ಟಲೇಬೇಡಿ. ಎಡಗಡೆ ಮೇಲಿನ ಗುಂಡಿಯನ್ನು ಊರಿನ ಸಂಕೇತಾಕ್ಷರ ಮಿನುಗುವವರೆಗೆ ಒತ್ತಿಹಿಡಿದು, ಬಲಗಡೆ ಕೆಳಗಿನ ಗುಂಡಿಯಿಂದ ಮುಂದೆ ಸಾಗಿ, ದೆಹಲಿಯನ್ನು ಸೂಚಿಸುವ ಡಿ, ಇ, ಎಲ್ ಅಕ್ಷರಗಳು ಬಂದಾಗ ನಿಲ್ಲಿಸಿ, ಎಡಗಡೆ ಮೇಲಿನ ಗುಂಡಿಯನ್ನು ಮತ್ತೊಮ್ಮೆ ಒತ್ತಿದರೆ ಮುಗಿಯಿತು. ಜರ್ಮನಿಗೂ ನಮಗೂ ಇರುವ ಅಂತರ ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ, ಬೇಸಿಗೆಯಲ್ಲಿ ಅವರು ವೇಳೆಯನ್ನು ಒಂದು ಗಂಟೆ ಮುಂದಿಡುವುದರಿಂದ ಮೂರೂವರೆ. ಆ ‘ಅರೆ’ಯ ಸಮೇತ ಗಡಿಯಾರ ತಾನೇ ಲೆಕ್ಕ ಹಾಕಿಕೊಳ್ಳುತ್ತದೆ, ಪರಮಾಣು ಗಡಿಯಾರದಿಂದ ಪಡೆದ ಸೆಕೆಂಡು ಹಾಗೆಯೇ ಉಳಿಯುತ್ತದೆ. ಊರು ದೆಹಲಿ ಎಂದಾದ ಮೇಲೆ ಅದು ರಾತ್ರಿ ಸಂಕೇತ ಹುಡುಕುವ ಗೋಜಿಗೂ ಹೋಗುವುದಿಲ್ಲ. ಊರನ್ನು ಬರ್ಲಿನ್ ಅಂತಲೋ ಟೋಕಿಯೊ ಅಂತಲೋ ಬಿಟ್ಟು ಗಂಟೆ ನಿಮಿಷಗಳನ್ನು ಕೈಯಿಂದ ತಿರುಗಿಸಿಕೊಂಡವರ ಗಡಿಯಾರ ಮಾತ್ರ ಪ್ರತಿ ರಾತ್ರಿ ಸಿಗದ ದನಿಗೆ ಕಿವಿಗೊಟ್ಟು ಶಕ್ತಿ ಕಳೆದುಕೊಳ್ಳುತ್ತಿರುತ್ತದೆ.

ಪೂರ್ತಿ ಬರಿದಾಗಿ ಎದ್ದ ಗಡಿಯಾರ ಹಳೆಯದೆಲ್ಲವನ್ನೂ ಮರೆತು ಕಾರ್ಖಾನೆಯಿಂದ ಹೊರಟಾಗಿನ ಸ್ಥಿತಿಗೆ ಮರಳಿರುತ್ತದೆ. ಅದು ಅಡ್ಡಾದಿಡ್ಡಿ ವೇಳೆ ತೋರಿಸಿದರೆ ಮತ್ತೆ ರಿಪೇರಿಗೆ ಓಡಬಾರದು. ಮೊದಲು ಊರು, ಬಳಿಕ ಎಡಗಡೆ ಕೆಳಗಿನ ಗುಂಡಿಯಿಂದ ಒಂದೊಂದಾಗಿ ಮುಂದೆ ಹೋಗುತ್ತ ಬೇಸಿಗೆ ವೇಳೆ ರದ್ದು, ಸೆಕೆಂಡು, ಗಂಟೆ, ನಿಮಿಷ, ವರ್ಷ, ತಿಂಗಳು, ದಿನ ಎಲ್ಲವನ್ನೂ ಹೊಂದಿಸಬೇಕು. ಸೆಕೆಂಡು ಮಿನುಗುವಾಗ ಮೊಬೈಲಿನ ಗಡಿಯಾರ ನೋಡಿಕೊಂಡು ಸರಿಯಾಗಿ ಸೊನ್ನೆಗೆ ಗುಂಡಿ ಒತ್ತಿದರೆ ಸಾಕು. ಟಿವಿ ವಾಹಿನಿಯ ಮೂಲೆಯಲ್ಲಿ ಕಾಣುವ ವೇಳೆ ಬೇಡ, ಅದು ನಮ್ಮ ಮನೆ ತಲುಪುವಷ್ಟರಲ್ಲಿ ಕೆಲವು ಸೆಕೆಂಡು ತಡವಾಗಿರುತ್ತದೆ. ಮುಳ್ಳಿನ ಗಡಿಯಾರಗಳಲ್ಲಿ ಇದಕ್ಕೂ ಮೊದಲು ಮುಳ್ಳುಗಳೆಲ್ಲ ತಮ್ಮ ಸೊನ್ನೆಯ ಜಾಗವಾದ 12ಕ್ಕೆ ಬಂದು ಕೂಡುತ್ತವೆಯೇ ಎಂದು ಪರೀಕ್ಷಿಸಿಕೊಳ್ಳಬೇಕು. ಇದರ ಕ್ರಮ ಮಾದರಿಯಿಂದ ಮಾದರಿಗೆ ಬೇರೆ, ಕೈಪಿಡಿಯನ್ನೇ ನೋಡಬೇಕು.

ಸಂಕೇತವಿಲ್ಲದೆ ನಡೆಯುವಾಗ ಇದು ಬೇರೆಲ್ಲ ಸ್ಫಟಿಕ (ಕ್ವಾರ್ಟ್ಜ್) ಗಡಿಯಾರಗಳಂತೆಯೇ ತಿಂಗಳಿಗೆ ಹೆಚ್ಚೆಂದರೆ 15 ಸೆಕೆಂಡು ಹಿಂದೆ ಮುಂದೆ ಆಗಬಹುದು. ತಿಂಗಳಿಗೊಮ್ಮೆ ತಿದ್ದಿಕೊಂಡರೆ ಮುಗಿಯಿತು, ಇದಕ್ಕಾಗಿ ಕೊರಗುವವರನ್ನು ಕಂಡರೆ ನನಗೆ ಅರ್ಥವಾಗುವುದಿಲ್ಲ. ಕೊರಗುವವರಿಗಾಗಿಯೇ ಇರಬೇಕು, ಜಪಾನಿನ ಸಂಕೇತವನ್ನು ಅನುಕರಿಸುವ ಮೊಬೈಲ್ ಆ್ಯಪ್‌ಗಳಿವೆ. ಹಳೆಯ ವಿದ್ಯಾರ್ಥಿಯೊಬ್ಬ ತೋರಿಸಿಕೊಟ್ಟ. ಮೊಬೈಲ್ 13.33 ಕಿಲೋಹರ್ಟ್ಸ್‌ನ ಸದ್ದು ಹೊರಡಿಸುತ್ತದೆ, ಅದರ ಮೂರನೆಯ ಸಂವಾದಿ, ಅಂದರೆ ಮೂರು ಪಟ್ಟು ವೇಗದ ಕಂಪನ, 40 ಕಿಲೋಹರ್ಟ್ಸ್ ಆಗುತ್ತದೆ, ಇಯರ್‌ಫೋನಿನ ಸುರುಳಿಯಿಂದ ಸೋರುವ ಕ್ಷೇತ್ರವನ್ನು ಪಕ್ಕದಲ್ಲಿಟ್ಟ ಗಡಿಯಾರ ಫುಕುಶಿಮಾದ ದನಿಯೆಂದೇ ನಂಬುತ್ತದೆ. ನನ್ನ ಎರಡನೆಯ ಗಡಿಯಾರ ಮೂರನೆಯ ಪ್ರಯತ್ನಕ್ಕೆ ನಂಬಿತು. ಆದರೆ ಇದಕ್ಕೆ ಊರನ್ನು ಟೋಕಿಯೊ ಎಂದು ಇಟ್ಟು, ಆ್ಯಪ್‌ನಿಂದ ಭಾರತದ ವೇಳೆಯನ್ನು ಕಳಿಸಬೇಕು, ಹಾಗೆ ಮಾಡಿದರೆ ಬೇರೆ ಊರುಗಳ ವೇಳೆಯೆಲ್ಲ ತಪ್ಪಾಗುತ್ತದೆ. ಭೌತಶಾಸ್ತ್ರದ ದೃಷ್ಟಿಯಿಂದ ಸೊಗಸಾದ ಆಟ, ದಿನಬಳಕೆಗೆ ಬೇಡ. ಭಾರತದಲ್ಲಿದ್ದುಕೊಂಡೇ ತಾನಾಗಿ ತಿದ್ದಿಕೊಳ್ಳುವ ಗಡಿಯಾರ ಬೇಕೆನ್ನುವವರು ಜಿಪಿಎಸ್ ಉಪಗ್ರಹಗಳಿಂದಲೋ, ಬ್ಲೂಟೂತ್ ಮೂಲಕ ಮೊಬೈಲಿನಿಂದಲೋ ವೇಳೆ ಪಡೆಯುವ ಮಾದರಿಗಳನ್ನು ಕೇಳಿ ಕೊಳ್ಳಬೇಕು. ಇವುಗಳಲ್ಲೂ ಬೆಳಕಿನಿಂದ ನಡೆಯುವವು ಇವೆ.

ಊರಿಗೆ ಬರುವ ಮಕ್ಕಳಲ್ಲಿ ನನ್ನ ವಿನಂತಿ ಇದು: ಗಡಿಯಾರ ಕೊಡುವಾಗ ಊರನ್ನು ದೆಹಲಿಗೆ ಬದಲಿಸಿಕೊಡಿ, ಮತ್ತು ‘ದಿನಾ ಕಿಟಕಿಯ ಬಳಿ ಇಡಿ, ಸೆಲ್ ಬದಲಿಸಬೇಡಿ’ ಎಂದು ಕನ್ನಡದಲ್ಲಿ ಬರೆದ ಚೀಟಿಯೊಂದನ್ನು ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿಡಿ. ಗಡಿಯಾರ ರಿಪೇರಿಯ ಬಂಧುಗಳು ಹಿಂಬದಿಯ ಮುಚ್ಚಳದ ಮೇಲೋ ಮುಖದ ಮೇಲೋ ಸೌರಶಕ್ತಿಯ ಗುರುತಿದ್ದರೆ ಬಿಚ್ಚುವ ಮೊದಲು ಎರಡು ದಿನ ಅಂಗಡಿಯ ಮುಂದಿನ ಬೆಳಕಿನಲ್ಲಿಟ್ಟು ನೋಡಲಿ. ಅದಕ್ಕೆ ಕೂಲಿ ಕೇಳಿದರೂ ನಾನಂತೂ ಸಂತೋಷದಿಂದ ಕೊಡುತ್ತೇನೆ. ಒಳಗಿನ ಫಲಕ ಹೋದ ನನ್ನ ಮೊದಲ ಗಡಿಯಾರ ಈಗಲೂ ಅದೇ ಬೀರುವಿನಲ್ಲಿದೆ, ಬಿಡಿಭಾಗಕ್ಕೆ ಯಾರಾದರೂ ಕೇಳಿದರೆ ಕೊಡಲು ಸಿದ್ಧ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕ,
ಶಿವಮೊಗ್ಗ